ಅಂಕ ತಿಂದ ಭೂಕವಚ

ವಾರವಿಡೀ ನಮ್ಮ ಊಟದ ಮೇಜನ್ನು ಆಕ್ರಮಿಸಿಕೊಂಡಿದ್ದ ಭೂಮಿ ನಿನ್ನೆ ಸಂಜೆ ಶಾಲೆಯಿಂದ ಮರಳಿ ಬಂದಿತು. ಅದರ ಬುಡಕ್ಕೆ ಅಂಟಿಸಿದ ಚೀಟಿಯಲ್ಲಿ ಕೆಂಪು ಶಾಯಿಯ ಎರಡು ಸಾಲುಗಳಿದ್ದವು: ‘ಭೂಕವಚ ಕಾಣುತ್ತಿಲ್ಲ. ಮ್ಯಾಂಟಲ್ ದ್ರವದಂತೆ ತೋರುತ್ತಿಲ್ಲ.’ 10ಕ್ಕೆ 6. ಮಗಳು ಒಮ್ಮೆ ಓದಿ ಕೈಕಾಲು ತೊಳೆಯಲು ಹೋದಳು; ನಿದ್ದೆಗೆಟ್ಟವನು ನಾನು. ಕಳೆದುಹೋದ ನಾಲ್ಕು ಅಂಕಗಳು ಅವಳವಲ್ಲ, ನನ್ನವು ಎಂಬುದು ಮಕ್ಕಳ ಪ್ರಾಜೆಕ್ಟ್ ಮಾಡಿದ ತಂದೆತಾಯಂದಿರಿಗೆಲ್ಲ ಗೊತ್ತಿರುವ ಸತ್ಯ.

ಹೊರಪದರವಾದ ಭೂಕವಚ ಕಾಣದಿರುವುದು ನಮ್ಮ ತಪ್ಪಲ್ಲ, ಭೂಮಿಯ ಸ್ವಭಾವ. ಭೂಮಿಯ ತ್ರಿಜ್ಯ ಸುಮಾರು 6,371 ಕಿಲೋಮೀಟರ್. ನಮ್ಮ ಥರ್ಮೊಕೋಲ್ ಅರ್ಧಗೋಳದ್ದು 15 ಸೆಂಟಿಮೀಟರ್. ಈ ಲೆಕ್ಕದಲ್ಲಿ ಖಂಡಗಳ ಅಡಿಯ ಸುಮಾರು 35 ಕಿಲೋಮೀಟರ್ ದಪ್ಪದ ಕವಚಕ್ಕೆ ಒಂದು ಮಿಲಿಮೀಟರೂ ದಕ್ಕುವುದಿಲ್ಲ. ಸಾಗರಗಳ ಅಡಿಯ ಕವಚಕ್ಕೆ ಎರಡು ಹಾಳೆ ಕಾಗದ ಸಾಕು. ನಾವು ಪ್ರಾಮಾಣಿಕವಾಗಿ ಕಾಗದವನ್ನೇ ಅಂಟಿಸಿದ್ದೆವು. ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ 1970ರಿಂದ ಕೊರೆಯತೊಡಗಿದ ರಂಧ್ರ 12,262 ಮೀಟರ್ ಆಳಕ್ಕೆ ನಿಂತಿತು. ಅಷ್ಟು ವರ್ಷ ಕೊರೆದವರಿಗೆ ಭೂಕವಚದ ಆಚೆ ಬದಿ ಕಾಣಲಿಲ್ಲ. ನಮ್ಮ ಶಿಕ್ಷಕರಿಗೆ ಈಚೆ ಬದಿಯೇ ಕಾಣಲಿಲ್ಲ.

ಕವಚದ ಕೆಳಗಿನ ದಪ್ಪ ಪದರವಾದ ಮ್ಯಾಂಟಲಿನ ವಿಷಯ ಇನ್ನೂ ನೋವಿನದು. ದ್ರವದೊಳಗೆ ಸಾಗಲಾರದ ಭೂಕಂಪದ ಎಸ್ ಅಲೆಗಳು ಮ್ಯಾಂಟಲಿನಲ್ಲಿ ಸಲೀಸಾಗಿ ಸಾಗುತ್ತವೆ, ಏಕೆಂದರೆ ಅದು ಕಾದ ಘನಶಿಲೆ. ಹರಿಯುವುದು ನಿಜವಾದರೂ ಲಕ್ಷಾಂತರ ವರ್ಷಗಳ ಸಾವಧಾನದಲ್ಲಿ. ಮಾದರಿಯ ಮುಂದೆ ಎರಡು ನಿಮಿಷ ನಿಂತವರಿಗೆ ಆ ಹರಿವು ಕಾಣಬೇಕೆಂದರೆ ಹೇಗೆ?

ನಿಜವಾಗಿ ದ್ರವವಿರಬೇಕಾದದ್ದು ಮ್ಯಾಂಟಲಿಗೂ ಕೆಳಗಿನ ಹೊರ ಕೇಂದ್ರಗೋಳ. ನಮ್ಮಲ್ಲಿ ಅದು ಬೇಡವೆಂದರೂ ದ್ರವವಾಗಿಯೇ ಉಳಿಯಿತು: ಒಳ ಕೇಂದ್ರಗೋಳವೆಂದು ಕೂರಿಸಿದ ರಬ್ಬರ್ ಚೆಂಡಿನ ಸುತ್ತ ನಾನು ಧಾರಾಳವಾಗಿ ಸುರಿದಿದ್ದ ಅಂಟು ರಾತ್ರಿ ಹನ್ನೊಂದಾದರೂ ಒಣಗಿರಲಿಲ್ಲ. ‘ಮುಟ್ಟಬೇಡಿ, ಹಾಗೇ ಬಿಡಿ’ ಎಂದ ಹೆಂಡತಿಯ ಮಾತನ್ನು ಮೀರಿ, ಒಣಗಿತೋ ಎಂದು ನೋಡಲು ಅರ್ಧಗೋಳವನ್ನು ಎತ್ತಿ ಓರೆ ಮಾಡಿದೆ. ಒಳ ಕೇಂದ್ರಗೋಳವು ಮೇಜಿನ ಮೇಲೆ ಒಮ್ಮೆ, ನೆಲದ ಮೇಲೆ ಎರಡು ಬಾರಿ ಪುಟಿದು, ಹಿಂದೆ ಅಂಟಿನ ಗೆರೆ ಎಳೆಯುತ್ತ ಬಟ್ಟೆಯ ಕಪಾಟಿನ ಅಡಿ ಸೇರಿತು. 1936ರಲ್ಲಿ ಒಳ ಕೇಂದ್ರಗೋಳವನ್ನು ಪತ್ತೆಹಚ್ಚಿದ ಡೆನ್ಮಾರ್ಕಿನ ಇಂಗೆ ಲೇಮನ್ ಯಾವ ಕಪಾಟನ್ನೂ ಸರಿಸಲಿಲ್ಲ. ದೂರದ ಭೂಕಂಪಗಳ ಅಲೆಗಳ ದಾಖಲೆ ನೋಡಿ ಕುಳಿತಲ್ಲೇ ಕಂಡುಕೊಂಡರು. ನಾನು ಬೋರಲು ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಪೊರಕೆಯ ಹಿಡಿಯಿಂದ ತಡಕಾಡಿ ಸೋತು, ಕೊನೆಗೆ ಕಪಾಟಿಗೇ ಕೈ ಹಾಕಿದೆ. ಎಷ್ಟು ಎಳೆದರೂ ಕದಲದ ಅದು, ಒತ್ತಡ ಕೂಡಿಕೂಡಿ, ಒಮ್ಮೆಲೇ ಜಾರಿ ನನ್ನ ಹೆಬ್ಬೆರಳಿನ ಮೇಲೆ ಬಂದು ನಿಂತಿತು. ಭೂಮಿಯ ಹೊರಭಾಗದ ಬೃಹತ್ ತುಂಡುಗಳಾದ ಭೂಫಲಕಗಳ ಅಂಚಿನಲ್ಲಿ ಭೂಕಂಪವಾಗುವುದೂ ಹೀಗೆಯೇ ಎಂದು ಮಗಳಿಗೆ ವಿವರಿಸಬಹುದಿತ್ತು. ಆಗ ನನ್ನ ಬಾಯಿಂದ ಹೊರಟ ಭಾಷೆ ಪಾಠಕ್ಕೆ ಯೋಗ್ಯವಾಗಿರಲಿಲ್ಲ.

ಚೆಂಡಿನ ಜೊತೆಗೆ, ಅವಳು ಕೂಸಾಗಿದ್ದಾಗ ಬಳಸುತ್ತಿದ್ದ ಪುಟ್ಟ ನೇಲ್ ಕಟರ್ ಸಿಕ್ಕಿತು. ಫಲಕಗಳು ಸರಿಯುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರ್, ಹೆಚ್ಚುಕಡಿಮೆ ಉಗುರು ಬೆಳೆಯುವ ವೇಗದಲ್ಲಿ. ಎಚ್ಚರವಿದ್ದರೆ ಕೈ ಕೊಡುತ್ತಿರಲಿಲ್ಲವೆಂದು ಅವಳು ಮಲಗಿದ ಮೇಲೆ ಒಂದೊಂದೇ ಬೆರಳು ಹಿಡಿದು ಉಗುರು ತೆಗೆಯುತ್ತಿದ್ದೆ. ಈಗ ಅವಳೇ ತೆಗೆದುಕೊಳ್ಳುತ್ತಾಳೆ. ಯಾವಾಗಿನಿಂದ ಎಂಬುದು ನೆನಪಿಗೆ ಬರುತ್ತಿಲ್ಲ.

ಇಂದು ಬೆಳಿಗ್ಗೆ ಶಿಕ್ಷಕರಿಗೆ ಪತ್ರ ಬರೆಯಲು ಕುಳಿತೆ. ಖಂಡಗಳು ಸರಿಯುತ್ತವೆ ಎಂದು 1912ರಲ್ಲಿ ಹೇಳಿದ ಆಲ್ಫ್ರೆಡ್ ವೆಗೆನರ್ ಅವರಿಗೂ, ಸರಿಸುವ ಬಲ ಯಾವುದೆಂದು ತೋರಿಸಲಿಲ್ಲವೆಂದು, ಭೂವಿಜ್ಞಾನಿಗಳು ಅಂಕ ಕಡಿದಿದ್ದರು. ಅವರು 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡು ಮೂರು ದಶಕ ಕಳೆದ ಮೇಲಷ್ಟೇ ಆ ಅಂಕಗಳು ಮರಳಿದವು ಎಂದು ಆರಂಭಿಸಿದ್ದೆ.

‘ಅಪ್ಪ, ಪತ್ರ ಬೇಡ. ತಿದ್ದಿ ತಂದರೆ ಎರಡು ಅಂಕ ಕೊಡುತ್ತಾರಂತೆ’ ಎಂದ ಮಗಳು, ಕಂದು ಬಣ್ಣದ ಸ್ಕೆಚ್ ಪೆನ್ನಿನಿಂದ ಅರ್ಧಗೋಳದ ಅಂಚಿಗೆ ಒಂದೂವರೆ ಸೆಂಟಿಮೀಟರ್ ಅಗಲದ ಪಟ್ಟಿ ಬಳಿಯತೊಡಗಿದಳು. ನಮ್ಮ ಲೆಕ್ಕದಲ್ಲಿ ಅದು ಆರುನೂರು ಕಿಲೋಮೀಟರಿಗೂ ಹೆಚ್ಚು ದಪ್ಪದ ಭೂಕವಚ. ನಾನು ಪೆನ್ನಿನ ಮುಚ್ಚಳ ಹಿಡಿದುಕೊಂಡು ಪಕ್ಕದಲ್ಲಿ ಕುಳಿತಿದ್ದೆ.