ಗೊತ್ತಿಲ್ಲದ ಫೈಲಿಗೆ ಸುಳ್ಳು ಲೇಬಲ್ ಯಾಕೆ?

ಫೈಲ್ ಕಳಿಸುವಾಗ ಅದು ಯಾವ ಬಗೆಯದು ಎಂದು ವೆಬ್ ಸರ್ವರ್ ಕಂಟೆಂಟ್-ಟೈಪ್ ಹೆಡರ್‌ನಲ್ಲಿ (ಫೈಲಿನ ಜೊತೆ ಹೋಗುವ ಒಂದು ಮಾಹಿತಿ ಸಾಲಿನಲ್ಲಿ) ಹೇಳುತ್ತದೆ. ಆದರೆ ಸಾಮಾನ್ಯವಾಗಿ ಅದು ಫೈಲಿನ ಒಳಗೆ ಇಣುಕುವುದೇ ಇಲ್ಲ. ಎಕ್ಸ್‌ಟೆನ್ಷನ್ (ಫೈಲ್ ಹೆಸರಿನ ಕೊನೆಯ .jpg ತರಹದ ಭಾಗ) ನೋಡುತ್ತದೆ, ತನ್ನ ಪಟ್ಟಿಯಲ್ಲಿ ಹುಡುಕುತ್ತದೆ, ಸಿಕ್ಕಿದ್ದನ್ನು ಅಂಟಿಸುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ?

ನನ್ನ ಪ್ರಕಾರ ಬಾಯಿ ಮುಚ್ಚಿಕೊಂಡಿರಬೇಕು. ಹೆಡರ್ ಕಳಿಸಲೇಬಾರದು. ಸರ್ವರ್ ಮತ್ತು ಬ್ರೌಸರ್ ಮಾತಾಡಿಕೊಳ್ಳುವ ನಿಯಮಗಳಾದ ಎಚ್‌ಟಿಟಿಪಿಯ 2022ರ ಮಾನದಂಡವೂ ಇದಕ್ಕೆ ಜಾಗ ಬಿಟ್ಟಿದೆ. ಬಗೆ ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ಹೇಳಬೇಕಿಲ್ಲ.

ಆದರೆ ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶದಲ್ಲಿ 2.2 ಆವೃತ್ತಿಯ ತನಕ ನಡೆದದ್ದೇ ಬೇರೆ. ಗೊತ್ತಿಲ್ಲದ್ದಕ್ಕೆಲ್ಲ ಸುಮ್ನೆ 'ಟೆಕ್ಸ್ಟ್/ಪ್ಲೇನ್', ಅಂದರೆ ಬರೀ ಅಕ್ಷರಗಳ ಫೈಲು, ಎಂಬ ಲೇಬಲ್. ವಿಡಿಯೊ ತೆರೆದರೆ ಪರದೆ ತುಂಬ ಅರ್ಥವಿಲ್ಲದ ಅಕ್ಷರಗಳು. ಸರ್ವರ್ ಮಾತು ನಂಬುವ ಹಾಗಿಲ್ಲ ಎಂದು ಬ್ರೌಸರ್‌ಗಳು ತಾವೇ ಊಹಿಸಲು ಶುರು ಮಾಡಿದವು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಅಂತೂ ಇದರಲ್ಲಿ ಎಲ್ಲರಿಗಿಂತ ಮುಂದು. ಅಪಾಯ ಹುಟ್ಟಿದ್ದು ಇಲ್ಲೇ. ಯಾರೋ ಚಿತ್ರ ಎಂದು ಅಪ್‌ಲೋಡ್ ಮಾಡಿದ ಫೈಲಿನೊಳಗೆ ಎಚ್‌ಟಿಎಂಎಲ್ (ವೆಬ್ ಪುಟದ ಕೋಡ್) ಅಡಗಿದ್ದರೆ, ಬ್ರೌಸರ್ ಅದನ್ನು ಪುಟ ಎಂದು ತಿಳಿದು ಸ್ಕ್ರಿಪ್ಟ್ ಓಡಿಸುತ್ತಿತ್ತು! ಆಮೇಲೆ 2008ರಲ್ಲಿ ಅದೇ ಬ್ರೌಸರ್ 'ನೋಸ್ನಿಫ್' ಹೆಡರ್ ತಂದಿತು. ಅಂದರೆ, ಊಹಿಸಬೇಡ ಎಂದು ಸರ್ವರ್ ಬ್ರೌಸರಿಗೆ ಹೇಳುವ ವ್ಯವಸ್ಥೆ. ಮೊದಲು ಸುಳ್ಳು, ಸುಳ್ಳಿಗೆ ಊಹೆ, ಊಹೆಗೆ ಮತ್ತೊಂದು ಹೆಡರ್. ಅಪಾಚೆ 2.4ರಲ್ಲಿ ಆ ಡೀಫಾಲ್ಟನ್ನು, ಅಂದರೆ ತಾನಾಗಿ ಅಂಟುವ ಲೇಬಲನ್ನು, ತೆಗೆದುಹಾಕಿದ್ದು ಒಳ್ಳೆಯದೇ ಆಯಿತು.

ಹಾಗಾದರೆ 'ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್' ಎನ್ನಬಹುದಲ್ವಾ? ಅದು ಸುಳ್ಳಲ್ಲ, ಬರೀ ಬೈಟುಗಳು ಎಂದಷ್ಟೇ ಅರ್ಥ. ಆದರೆ ಬ್ರೌಸರ್ ಅದನ್ನು ತೋರಿಸದೆ ಡೌನ್‌ಲೋಡ್ ಮಾಡಿಬಿಡುತ್ತದೆ. ಬೇರೆಯವರು ಅಪ್‌ಲೋಡ್ ಮಾಡಿದ ಫೈಲುಗಳಿಗೆ ನಮಗೆ ಬೇಕಾದದ್ದೂ ಅದೇ. ಅಲ್ಲಿ ಆಕ್ಟೆಟ್-ಸ್ಟ್ರೀಮ್ ಇರಲಿ, ಜೊತೆಗೆ ನೋಸ್ನಿಫ್ ಇರಲಿ. ಅಲ್ಲಿ ಮಾತ್ರ ಸುಮ್ಮನಿರುವುದನ್ನು ನಾನು ಒಪ್ಪುವುದಿಲ್ಲ.

ನಮ್ಮದೇ ಫೈಲುಗಳಾದರೆ ಪಟ್ಟಿ ಸರಿಪಡಿಸುವುದೇ ನಿಜವಾದ ಪರಿಹಾರ. ಹಳೆಯ ಪಟ್ಟಿಗಳಲ್ಲಿ ವೆಬ್‌ಅಸೆಂಬ್ಲಿ (ಬ್ರೌಸರಿನಲ್ಲಿ ವೇಗವಾಗಿ ಓಡುವ ಪ್ರೋಗ್ರಾಂ ಫೈಲುಗಳ ಬಗೆ) ಇರಲಿಲ್ಲ. ಸರಿಯಾದ ಲೇಬಲ್ ಇಲ್ಲದೆ ಬ್ರೌಸರ್ ಅದನ್ನು ಸ್ಟ್ರೀಮ್ ಮಾಡುತ್ತಾ ಕಂಪೈಲ್ ಮಾಡಲು (ಇಳಿಸಿಕೊಳ್ಳುತ್ತಲೇ ಓಡಿಸಲು ಸಿದ್ಧಪಡಿಸಲು) ಒಪ್ಪುವುದಿಲ್ಲ. ಒಂದು ಸಾಲು ಸೇರಿಸಿದರೆ ಮುಗಿಯಿತು.

ಎನ್‌ಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್ ಬಳಸುವವರಿಗೆ ಒಂದು ಮಾತು. ಅದರ ಜೊತೆ ಬರುವ ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲಿ ಡೀಫಾಲ್ಟ್ ಆಕ್ಟೆಟ್-ಸ್ಟ್ರೀಮ್ ಎಂದು ಬರೆದಿರುತ್ತದೆ. ಆ ಸಾಲು ಅಳಿಸಿದರೆ ಒಳಗಿನ ಡೀಫಾಲ್ಟ್ ಇಂದಿಗೂ ಟೆಕ್ಸ್ಟ್/ಪ್ಲೇನ್. ಸ್ವಂತ ಕಾನ್ಫಿಗ್ ಬರೆದುಕೊಂಡಿದ್ದರೆ ಈಗಲೇ ಒಮ್ಮೆ ತೆರೆದು ನೋಡಿ.