ಸಮಾಧಾನಕರ ಕೆಮ್ಮು

ಮಂಗಳೂರಿನ ಗಾಳಿ ‘ಸಮಾಧಾನಕರ’ವಾಗಿದೆಯೆಂದು ಪತ್ರಿಕೆ ಮತ್ತೊಮ್ಮೆ ಅಭಯ ನೀಡಿದೆ. ಆ ಸುದ್ದಿಯನ್ನು ಓದುವ ಮೊದಲು ನಾನು ಪತ್ರಿಕೆಯನ್ನು ಜಗಲಿಯ ತುದಿಗೆ ಒಯ್ದು ಎರಡು ಸಲ ಕೊಡವಬೇಕಾಯಿತು, ಏಕೆಂದರೆ ಸ್ವಲ್ಪ ತಡವಾಗಿ ಎತ್ತಿಕೊಳ್ಳುವಷ್ಟರಲ್ಲಿ ಅದು ಎದುರಿನ ಗುಡ್ಡದ ಬಣ್ಣಕ್ಕೆ ತಿರುಗಿತ್ತು. ಗುಡ್ಡವೆಂದೆನೇ? ಹಳೆಯ ಅಭ್ಯಾಸ. ಕಳೆದ ಮಳೆಗಾಲ ಮುಗಿದಂದಿನಿಂದ ಜೆಸಿಬಿ ಅದನ್ನು ಕೆರೆಯುತ್ತಿದೆ, ಟಿಪ್ಪರು ಹೊರುತ್ತಿದೆ, ಉಳಿದುದನ್ನು ಗಾಳಿ ನಮ್ಮೆಲ್ಲರ ಮನೆಗಳಿಗೆ ಪಂಕ್ತಿಭೇದವಿಲ್ಲದೆ ಬಡಿಸುತ್ತಿದೆ.

2015ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕದಲ್ಲಿ 51ರಿಂದ 100ರವರೆಗಿನ ಅಂಕಕ್ಕೆ ‘ಸಮಾಧಾನಕರ’ ಎಂಬ ಬಿರುದು. ಸೂಕ್ಷ್ಮ ಪ್ರಕೃತಿಯವರಿಗೆ ಉಸಿರಾಟದಲ್ಲಿ ಸಣ್ಣ ತೊಂದರೆಯಾಗಬಹುದೆಂದು ಅದೇ ಕೋಷ್ಟಕ ಪಕ್ಕದಲ್ಲೇ ಹೇಳುತ್ತದೆ. ಅಂದರೆ ಕೆಮ್ಮುವುದಕ್ಕೆ ಅಡ್ಡಿಯಿಲ್ಲ, ಸಮಾಧಾನದಿಂದ ಕೆಮ್ಮಬೇಕು. ಪಿಎಂ 2.5 ಎಂಬ, ಶ್ವಾಸಕೋಶದಾಳಕ್ಕಿಳಿಯುವ ಸೂಕ್ಷ್ಮಕಣಗಳು ದಿನದ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಂ ಆಗುವವರೆಗೂ ಈ ಸಮಾಧಾನ ಕೆಡತಕ್ಕದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15ಕ್ಕೇ ಗೆರೆ ಎಳೆದಿದೆ. ಪಾಪ, ಅಲ್ಲಿಯವರೆಲ್ಲ ಸೂಕ್ಷ್ಮ ಪ್ರಕೃತಿಯವರಿರಬೇಕು.

ನಮ್ಮ ಮಾನದಂಡಗಳ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2009ರ ಅಧಿಸೂಚನೆಯಂತೆ ವಾರ್ಷಿಕ ಸರಾಸರಿಗೆ ವಾರಕ್ಕೆ ಎರಡು ದಿನದಂತೆ 104 ಸಲ ಅಳೆದರೆ ಸಾಕು. ದಿನದ ಸರಾಸರಿ ವರ್ಷದ ನೂರಕ್ಕೆ ಎರಡು ಪಾಲು ಸಮಯ ಮಿತಿ ಮೀರಬಹುದು, ಆದರೆ ಅಳೆಯುವ ದಿನಗಳ ಪೈಕಿ ಒಂದರ ಹಿಂದೊಂದು ಮೀರಬಾರದು. ಇಷ್ಟು ಶಿಸ್ತಿನ ದೂಳು ಬೇರೆ ಯಾವ ದೇಶದಲ್ಲಿದೆಯೋ ನಾನರಿಯೆ. ಇನ್ನು ಅಳೆಯುವ ಯಂತ್ರದ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಬೇಕು, ನೆಲದಿಂದೆದ್ದ ದೂಳು ಲೆಕ್ಕ ಕೆಡಿಸಬಾರದಲ್ಲ! ನನ್ನ ಮೂಗು ಐದಡಿಯಲ್ಲಿದೆ, ಮೊಮ್ಮಗಳದ್ದು ಮೂರಡಿಯಲ್ಲಿ. ತಪ್ಪು ಎತ್ತರದಲ್ಲಿ ಮೂಗಿಟ್ಟುಕೊಂಡವರು ನಾವೇ. ಕದ್ರಿ ಗುಡ್ಡದ ಯಂತ್ರ ಎಳೆದುಕೊಂಡ ಉಸಿರಿಗೆ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕಾರ್ಮಿಕನೂ ಸಮಾಧಾನಪಟ್ಟುಕೊಳ್ಳಬೇಕಾದ ಊರಿನಲ್ಲಿ ಅದೇನು ದೊಡ್ಡದಲ್ಲ.

ಸ್ವಂತಕ್ಕೆ ಲೆಕ್ಕವಿಟ್ಟುಕೊಳ್ಳೋಣವೆಂದು ಅಂಗೈಯಗಲದ ಒಂದು ಮಾಪಕವನ್ನು ತರಿಸಿದೆ. ದೂಳು ಬರಬಾರದೆಂದು ಕಿಟಕಿ ಮುಚ್ಚಿದ್ದೆವು. ಕಾಮಗಾರಿಯ ಹೊಂಡದಲ್ಲಿ ನಿಂತ ನೀರು ಕಳುಹಿಸಿದ ಸೊಳ್ಳೆಗಳಿಗಾಗಿ ಮೂಲೆಯಲ್ಲಿ ಕಾಯಿಲ್ ಹಚ್ಚಿದ್ದೆವು. ಮಾಪಕ ಹೊರಗಿಗಿಂತ ಮನೆಯೊಳಗೇ ಮೂರು ಪಟ್ಟು ತೋರಿಸಿತು. ಒಂದು ಕಾಯಿಲ್ ಉರಿದು ಮುಗಿಯುವುದರೊಳಗೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮಕಣ ಉಗುಳುತ್ತದೆಂದು 2003ರ ಅಧ್ಯಯನವೊಂದು ಕಂಡುಕೊಂಡಿದೆ. ಬೀಡಿಯನ್ನೂ ಮುಟ್ಟದೆ ಎಪ್ಪತ್ತು ಕಳೆದ ನನ್ನ ಅಕ್ಕ ಆ ಅಂಕಿಯನ್ನು ಕೇಳಿ, ‘ಹಾಗಾದರೆ ಸೊಳ್ಳೆಯೇ ಕಚ್ಚಲಿ’ ಎಂದು ಕಿಟಕಿ ತೆರೆದರು. ದೂಳು ಒಳಗೆ ಬಂತು.

ಹೊಂಡದ ಪಕ್ಕದಲ್ಲಿ ಎದ್ದು ನಿಂತಿರುವ ಮೊದಲ ಕಟ್ಟಡದ ಅಂಗಳದಲ್ಲಿ ಉತ್ತರದಿಂದ ಬಂದ ಹುಡುಗನೊಬ್ಬ ದಿನವಿಡೀ ಗ್ರಾನೈಟ್ ಕತ್ತರಿಸುತ್ತಾನೆ. ಮುಖಕ್ಕೊಂದು ಬೈರಾಸು ಸುತ್ತಿರುತ್ತಾನೆ. ಹುಬ್ಬು, ರೆಪ್ಪೆ ಎಲ್ಲವೂ ಬೆಳ್ಳಗಾಗಿ ಇಪ್ಪತ್ತರ ಹುಡುಗ ಅಜ್ಜನಂತೆ ಕಾಣುತ್ತಾನೆ. ಆ ಪುಡಿಯಲ್ಲಿರುವುದು ಸಿಲಿಕಾ, ಅದು ತರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ಮದ್ದಿಲ್ಲ, ಅದನ್ನು ಬೈರಾಸು ತಡೆಯುವುದಿಲ್ಲ. ಇದು ಎಲ್ಲರಿಗೂ ಗೊತ್ತಿದೆ. ಅವನ ಮೂಗಿನ ಬಳಿ ಯಾರೂ ಯಂತ್ರವಿಟ್ಟಿಲ್ಲ. ನಾಳೆ ಎದೆ ಕಟ್ಟಿದರೆ ಅವನು ರೈಲು ಹತ್ತಿ ಊರಿಗೆ ಹೋಗುತ್ತಾನೆ, ನಮ್ಮ ರೋಗಿಗಳ ಪಟ್ಟಿ ಶುಭ್ರವಾಗಿಯೇ ಉಳಿಯುತ್ತದೆ. ಹಾಸ್ಯ ಬರೆಯುವವನಿಗೂ ಇದನ್ನು ನೋಡಿ ನೋಡಿ ಸಾಕಾಗಿದೆ.

ಕಟ್ಟಡ ಸಾಮಗ್ರಿಯನ್ನು ಬಯಲಿನಲ್ಲಿ ಕತ್ತರಿಸುವುದನ್ನು 2018ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದೆಯೆಂದು ಅಲ್ಲಿಯ ಸೂಪರ್‌ವೈಸರಿಗೆ ಹೋಗಿ ಹೇಳಿದೆ. ಆತ ಬಹಳ ವಿನಯವಂತ. ‘ಗೊತ್ತುಂಟು ಸಾರ್, ನಾಳೆಯಿಂದ ಬಯಲಿನಲ್ಲಿ ಇಲ್ಲ’ ಎಂದ, ನುಡಿದಂತೆ ನಡೆದ. ಮರುದಿನ ಹುಡುಗನೂ ಕಟರೂ ನೆಲಮಾಳಿಗೆಗೆ ಇಳಿದರು. ಅಲ್ಲಿ ಕಿಟಕಿಯಿಲ್ಲ. ಈಗ ನಾನು ಪತ್ರಿಕೆಯನ್ನು ಒಂದೇ ಸಲ ಕೊಡವಿದರೆ ಸಾಕಾಗುತ್ತದೆ.