ಎತ್ತರ ಸರಿ, ಕಾಲು?

'ಎತ್ತರ ಕಲಿಸೋಕಾಗಲ್ಲ, ಉಳಿದದ್ದನ್ನು ಕಲಿಸಬಹುದು' ಅಂತ ಹೇಳಿ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡವೊಂದು ಯುರೋಪಿನ 7 ಅಡಿ ಹುಡುಗನ ಜೊತೆ ಮಾಡಿಕೊಂಡ ಒಪ್ಪಂದವನ್ನು ಲೇಖನವೊಂದರಲ್ಲಿ ಲೇಖಕರು ಸಮರ್ಥಿಸಿದ್ದಾರೆ. ನಾನು ಒಪ್ಪಲ್ಲ. 2003ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಡೆಟ್ರಾಯಿಟ್ ಪಿಸ್ಟನ್ಸ್ ತಂಡ ಎರಡನೇ ಆಯ್ಕೆಯಲ್ಲೇ ಯುರೋಪಿನದೇ 7 ಅಡಿ ಹುಡುಗ ಡಾರ್ಕೊ ಮಿಲಿಚಿಚ್‌ನನ್ನು ತೆಗೆದುಕೊಂಡಿತು. ಆಗ ಕಾರ್ಮೆಲೊ ಆಂಥೊನಿ, ಕ್ರಿಸ್ ಬಾಷ್, ಡ್ವೇನ್ ವೇಡ್ ಮೂವರೂ ಇನ್ನೂ ಬಾಕಿ ಇದ್ದರು! ಅವರು ಮೂವರೂ ದೊಡ್ಡ ತಾರೆಗಳಾದರು, ಡಾರ್ಕೊ ಮಿಂಚಲೇ ಇಲ್ಲ.

ಹೈಲೈಟ್ಸ್ ಬಿಟ್ಟು ಈ ಹುಡುಗನ ಒಂದು ಪೂರ್ತಿ ಪಂದ್ಯ ನೋಡಿ. ರಿಂಗ್ ಕೆಳಗೆ ಕೈ ಎತ್ತಿಕೊಂಡು ಸುಮ್ನೆ ನಿಂತಿರುತ್ತಾನೆ. ಯುರೋಪಿನಲ್ಲಿ ಆಡುವ ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಅದು ನಡೆಯುತ್ತೆ. ಎನ್‌ಬಿಎಯಲ್ಲಿ ರಕ್ಷಣೆ ಮಾಡುವವನು ಎದುರಾಳಿ ಯಾರನ್ನೂ ಹತ್ತಿರದಿಂದ ತಡೆಯದೆ ಪೇಂಟ್‌ನಲ್ಲಿ (ರಿಂಗ್ ಮುಂದಿನ ಬಣ್ಣದ ಜಾಗ) 3 ಸೆಕೆಂಡಿಗಿಂತ ಜಾಸ್ತಿ ನಿಂತರೆ ಎದುರಾಳಿಗೆ ಫ್ರೀ ಥ್ರೋ (ಯಾರೂ ತಡೆಯದ ಎಸೆತ). ಹಾಗಾಗಿ ಹೊರಗೆ ಬಂದು ಎದುರಾಳಿ ತಂಡದ ಚುರುಕು ಗಾರ್ಡ್‌ಗಳ ಹಿಂದೆ ಓಡಲೇಬೇಕು. ಒಮ್ಮೆ ಹಾಗೆ ಬಂದಾಗ ಅವನ ಕಾಲು ತಿರುಗುವಷ್ಟರಲ್ಲಿ ಎದುರಿನವನು ಲೇಅಪ್ (ರಿಂಗ್ ಹತ್ತಿರದಿಂದ ಚೆಂಡು ಹಾಕುವುದು) ಮುಗಿಸಿ ವಾಪಸ್ ಹೊರಟಿದ್ದ.

ಸರ್ಬಿಯಾದಿಂದ ಬಂದು ಎನ್‌ಬಿಎ ತಾರೆಯಾದ ಯೊಕಿಚ್ ಹೆಸರು ಹೇಳೋರು ಇದ್ದೇ ಇರ್ತಾರೆ. ಅವನು 2014ರಲ್ಲಿ 41ನೇ ಆಯ್ಕೆ, ಅಂದರೆ ಸೋತಿದ್ದರೂ ಅವನನ್ನು ಆರಿಸಿದ ಡೆನ್ವರ್ ತಂಡಕ್ಕೆ ದೊಡ್ಡ ನಷ್ಟ ಇರಲಿಲ್ಲ. ಆಮೇಲೂ ಒಂದು ವರ್ಷ ಸರ್ಬಿಯಾದಲ್ಲೇ ಆಡಿ ಬಂದ. ಈ ಹುಡುಗನಿಗೆ ಮೊದಲ ದಿನವೇ ಹಲವು ವರ್ಷಗಳ ಖಾತ್ರಿ ಹಣ ಕೊಟ್ಟಾಗಿದೆ, ಅದೇ ತಕರಾರು. ಮೊದಲು ಎನ್‌ಬಿಎಯ ಕಿರಿಯ ಲೀಗ್ ಆದ ಜಿ ಲೀಗ್‌ನಲ್ಲಿ ಒಂದು ಸೀಸನ್ ಆಡಿಸಿ ನೋಡಬಹುದಿತ್ತು ಅಲ್ವಾ?